ನಿಯಮ ಬರೆದವರು ಲೇಖಕರು, ಕಾಯುವವರು ಓದುಗರು: ‘ವಾರಿಯರ್ಸ್’ ಬೆಕ್ಕುಗಳ ಸರಣಿಯನ್ನು ಎಲ್ಲಿಂದ ಹಿಡಿಯಬೇಕು, ಎಲ್ಲಿ ಬಿಡಬಹುದು

ಎರಿನ್ ಹಂಟರ್ ಹೆಸರಿನಲ್ಲಿ ಬರುವ ‘ವಾರಿಯರ್ಸ್’ ಸರಣಿಯನ್ನು ಕೊಳ್ಳಲು ಹೊರಟವರಿಗೆ ಮೊದಲು ಎದುರಾಗುವ ತೊಡಕು ಲೆಕ್ಕದ್ದು. ಆರು ಪುಸ್ತಕಕ್ಕೆ ಒಂದು ಕಂತು. 2003ರಲ್ಲಿ ಶುರುವಾಗಿ 2024ರ ಹೊತ್ತಿಗೆ ಎಂಟು ಕಂತು ಮುಗಿದು, 2025ರಲ್ಲಿ ಒಂಬತ್ತನೆಯದು ಆರಂಭವಾಗಿದೆ. ಅಂದರೆ ಮುಖ್ಯ ಕಾದಂಬರಿಗಳೇ 48ರ ಗಡಿ ದಾಟಿವೆ. ಇವುಗಳ ಪಕ್ಕದಲ್ಲಿ ‘ಸೂಪರ್ ಎಡಿಷನ್’ ಎಂಬ ದಪ್ಪ ಪುಸ್ತಕಗಳು, ಕಿರುಕಾದಂಬರಿಗಳು, ಮಾಂಗಾ ಎಂಬ ಜಪಾನಿ ಶೈಲಿಯ ಚಿತ್ರಕಥೆಗಳು, ಬಣ್ಣದ ಚಿತ್ರಕಾದಂಬರಿಗಳು, ಕ್ಲ್ಯಾನ್‌ಗಳ (ಬೆಕ್ಕುಗಳ ಬಣಗಳ) ಕೈಪಿಡಿಗಳು. ಅಂಗಡಿಯ ಕಪಾಟಿನಲ್ಲಿ ಕೈಗೆ ಸಿಕ್ಕಿದ್ದನ್ನು ಎತ್ತಿಕೊಂಡು ಬಂದರೆ ಹತ್ತಕ್ಕೆ ಎಂಟು ಸಲ ಮಧ್ಯದ ಯಾವುದೋ ಪುಸ್ತಕ ಬಂದಿರುತ್ತದೆ, ಮಗು ಇಪ್ಪತ್ತು ಪುಟ ಓದಿ ಹೆಸರುಗಳ ಸಂತೆಯಲ್ಲಿ ಕಳೆದುಹೋಗಿ ಪಕ್ಕಕ್ಕಿಡುತ್ತದೆ.

ತೀರ್ಪನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮೊದಲ ಎರಡು ಕಂತು, ಅಂದರೆ 12 ಪುಸ್ತಕ, ಅವುಗಳ ಜೊತೆಗೆ ಸೂಪರ್ ಎಡಿಷನ್ ‘ಬ್ಲೂಸ್ಟಾರ್ಸ್ ಪ್ರಾಫೆಸಿ’: ಇಷ್ಟನ್ನು ಯೋಚನೆ ಮಾಡದೆ ಕೊಳ್ಳಬಹುದು. ಮೂರನೆಯ ಕಂತು ಇವುಗಳಿಗೆ ಸರಿಸಮ, ಕೆಲವು ಕಡೆ ಮೇಲು. ನಾಲ್ಕನೆಯದರಲ್ಲಿ ಗಾಡಿ ನಿಧಾನವಾಗುತ್ತದೆ. ಅಲ್ಲಿಂದ ಮುಂದೆ ಓದುವುದೋ ಬಿಡುವುದೋ ಎಂಬುದು ಓದುಗರಿಗೆ ಏನು ಬೇಕು ಎಂಬುದರ ಮೇಲೆ ನಿಂತಿದೆ. ಇನ್ನೊಂದು ಮಾತು: ಈ ಸರಣಿಯ ಅಭಿಮಾನಿಗಳ ಪ್ರತಿಕ್ರಿಯೆಯನ್ನು ಬಿಟ್ಟು ಪುಸ್ತಕವನ್ನಷ್ಟೇ ವಿಮರ್ಶಿಸಿದರೆ ಅರ್ಧ ವಿಮರ್ಶೆ ಮಾಡಿದಂತೆ. ಪುಸ್ತಕದ ಬಲವೂ ದೋಷವೂ ಎರಡೂ ಅವರ ಜಗಳಗಳಲ್ಲಿ ಸ್ಪಷ್ಟವಾಗಿ ಕಾಣುತ್ತವೆ. ಆ ಜಗಳಗಳನ್ನು ವಿವರಿಸುವಾಗ ಕಥೆಯ ಗುಟ್ಟುಗಳು ಹೊರಬೀಳುತ್ತವೆ; ಏನೂ ತಿಳಿಯದೆ ಓದಬೇಕೆನ್ನುವವರು ಕೊನೆಯ ನಾಲ್ಕು ಪ್ಯಾರಾಗಳನ್ನು ಮಾತ್ರ ಓದಿಕೊಳ್ಳಿ.

ಕಥೆಯ ತಳಹದಿ ಸರಳ. ರಸ್ಟಿ ಎಂಬ ಕೆಂಚು ಸಾಕುಬೆಕ್ಕು ಮನೆಯ ಬೇಲಿ ದಾಟಿ ಕಾಡಿಗೆ ಹೋಗಿ ಅಲ್ಲಿನ ಥಂಡರ್‌ಕ್ಲ್ಯಾನ್ ಸೇರುತ್ತದೆ. ಕಾಡನ್ನು ನಾಲ್ಕು ಕ್ಲ್ಯಾನ್‌ಗಳು ಹಂಚಿಕೊಂಡಿವೆ: ಥಂಡರ್, ರಿವರ್, ವಿಂಡ್, ಶ್ಯಾಡೋ. ಕಾಡಿನಿಂದ ಹಿಂದೆಂದೋ ಹೊರಹಾಕಲ್ಪಟ್ಟ ಸ್ಕೈಕ್ಲ್ಯಾನ್ ಆಮೇಲೆ ಬರುತ್ತದೆ. ಸತ್ತ ಪೂರ್ವಿಕರದ್ದು ಸ್ಟಾರ್‌ಕ್ಲ್ಯಾನ್. ಇವು ಇಂಗ್ಲೆಂಡಿನ ಕಾಡುಮೇಡಿನ ಬೆಕ್ಕುಗಳು, ಮನುಷ್ಯರಂತೆ ಅಂಗಿ ತೊಟ್ಟು ಓಡಾಡುವವಲ್ಲ. ಇಲಿ, ಮೊಲ, ಹಕ್ಕಿ ಬೇಟೆಯಾಡುತ್ತವೆ, ಗಡಿಗೆ ವಾಸನೆಯ ಗುರುತು ಹಾಕುತ್ತವೆ, ಚಳಿಗಾಲದಲ್ಲಿ ಹಸಿದು ಸಾಯುತ್ತವೆ. ಮನುಷ್ಯರು ಅವುಗಳಿಗೆ ‘ಟೂಲೆಗ್’, ಎರಡು ಕಾಲಿನ ಪ್ರಾಣಿ, ಹೆದ್ದಾರಿ ‘ಥಂಡರ್‌ಪಾತ್’. ಕಾಲವನ್ನು ಅಳೆಯುವುದು ಹುಣ್ಣಿಮೆಗಳಲ್ಲಿ.

ಓದುಗರನ್ನು ಹಿಡಿದು ಕೂರಿಸುವುದು ಈ ಲೋಕದ ಕಟ್ಟುಪಾಡು. ಹುಟ್ಟಿದ ಮರಿಯ ಹೆಸರಿನ ಕೊನೆಗೆ ‘ಕಿಟ್’. ಆರು ತಿಂಗಳಾದಾಗ ಶಿಷ್ಯನಾಗಿ ‘ಪಾ’. ತರಬೇತಿ ಮುಗಿದರೆ ಯೋಧನ ಹೆಸರು. ನಾಯಕನಾದರೆ ಒಂಬತ್ತು ಜೀವ ಮತ್ತು ‘ಸ್ಟಾರ್’. ಹಾಗಾಗಿ ರಸ್ಟಿ ಫೈರ್‌ಪಾ ಆಗಿ, ಫೈರ್‌ಹಾರ್ಟ್ ಆಗಿ, ಕೊನೆಗೆ ಫೈರ್‌ಸ್ಟಾರ್ ಆಗುತ್ತಾನೆ. ಎರಡು ಪದ ಬೆಸೆದು ಹೊಸ ಹೆಸರು ಕಟ್ಟುವುದು ಕನ್ನಡದ ಮಕ್ಕಳಿಗೆ ಹೊಸದಲ್ಲ. ಕೆಂಗಣ್ಣು, ಹೆಬ್ಬಾಗಿಲು ಎಂದು ಸಮಾಸ ಬಿಡಿಸಿದವರಿಗೆ ಗ್ರೇಸ್ಟ್ರೈಪ್ ಎಂದರೆ ಬೂದುಪಟ್ಟೆ ಎಂದು ಒಂದೇ ಸಲಕ್ಕೆ ಹೊಳೆಯುತ್ತದೆ. ಇದರ ಮೇಲೆ ಯೋಧಸಂಹಿತೆ ಇದೆ. ಮುದುಕರಿಗೂ ಮರಿಗಳಿಗೂ ಮೊದಲು ಊಟ. ಹುಣ್ಣಿಮೆಯ ರಾತ್ರಿ ಎಲ್ಲ ಕ್ಲ್ಯಾನ್‌ಗಳ ಸಭೆ, ಅಂದು ಯುದ್ಧವಿಲ್ಲ. ಬೇರೆ ಕ್ಲ್ಯಾನಿನ ಮರಿಯಾದರೂ ಅಪಾಯದಲ್ಲಿದ್ದರೆ ಬಿಟ್ಟು ಹೋಗುವಂತಿಲ್ಲ. ಗೆಲ್ಲಲಿಕ್ಕಾಗಿ ಕೊಲ್ಲಬೇಕಾಗಿಲ್ಲ. ಉಪನಾಯಕ ಸತ್ತರೆ ಚಂದ್ರ ನೆತ್ತಿಗೆ ಬರುವ ಮೊದಲು ಹೊಸಬನನ್ನು ಹೆಸರಿಸಬೇಕು. ಆ ಹೊಸಬ ಒಬ್ಬ ಶಿಷ್ಯನನ್ನಾದರೂ ತಯಾರು ಮಾಡಿರಬೇಕು. ಮದ್ದು ನೋಡುವ ಬೆಕ್ಕು ಸಂಗಾತಿಯನ್ನು ಕಟ್ಟಿಕೊಳ್ಳುವಂತಿಲ್ಲ, ಮರಿ ಹಾಕುವಂತಿಲ್ಲ.

ಇಷ್ಟು ಖಚಿತವಾದ ನಿಯಮ ಕೈಗೆ ಕೊಟ್ಟ ಮೇಲೆ ಓದುಗರು ಸುಮ್ಮನಿರುತ್ತಾರೆಯೇ? ಲೇಖಕರು ಬರೆದ ಕಾನೂನನ್ನು ಲೇಖಕರ ಮೇಲೆಯೇ ಹೂಡುತ್ತಾರೆ. ಥಂಡರ್‌ಕ್ಲ್ಯಾನಿನ ನಾಯಕಿ ಬ್ಲೂಸ್ಟಾರ್ ತನ್ನ ಉಪನಾಯಕನ ದ್ರೋಹ ಬಯಲಾದ ಆಘಾತದಲ್ಲಿ ಫೈರ್‌ಹಾರ್ಟ್‌ನನ್ನು ಹೆಸರಿಸುವುದು ಚಂದ್ರ ನೆತ್ತಿ ದಾಟಿದ ಮೇಲೆ. ಪುಸ್ತಕವೇ ಇದನ್ನು ಅಪಶಕುನವೆಂದು ಎತ್ತಿ ಆಡುತ್ತದೆ, ಬೇರೆ ಬೆಕ್ಕುಗಳು ಗೊಣಗುತ್ತವೆ, ಕಥೆ ಅದರಿಂದ ಬೆಳೆಯುತ್ತದೆ. ಈ ಜಾಗದಲ್ಲಿ ಓದುಗರಿಗೆ ತಕರಾರಿಲ್ಲ. ಆದರೆ ಎರಡನೆಯ ಕಂತಿನ ಕೊನೆಯ ‘ಸನ್‌ಸೆಟ್’ನಲ್ಲಿ ಬ್ರ್ಯಾಂಬಲ್‌ಕ್ಲಾ ಉಪನಾಯಕನಾಗುತ್ತಾನೆ, ಅವನಿಗೆ ಅದುವರೆಗೆ ಶಿಷ್ಯನೇ ಇರಲಿಲ್ಲ. ಮದ್ದಿನ ಬೆಕ್ಕು ಲೀಫ್‌ಪೂಲ್‌ಗೆ ಬಿದ್ದ ದೈವಸಂಕೇತವನ್ನು ಮುಂದಿಟ್ಟು ಕಥೆ ಇದನ್ನು ದಾಟಿಸುತ್ತದೆ. ಆಗಿನಿಂದಲೂ ಅಭಿಮಾನಿಗಳ ಒಂದು ಪಾಲು ಇದನ್ನು ಒಪ್ಪಿಲ್ಲ, ಒಪ್ಪದಿರುವುದಕ್ಕೆ ಕಾರಣವೂ ಗಟ್ಟಿಯಿದೆ: ನಿಯಮ ಮುರಿದದ್ದಕ್ಕೆ ಬೆಲೆ ತೆರುವ ಕಥೆಗೂ ಮೇಲಿನಿಂದ ಬಂದ ಸಂಕೇತದಿಂದ ನಿಯಮವೇ ಮಾಯವಾಗುವ ಕಥೆಗೂ ತೂಕದಲ್ಲಿ ವ್ಯತ್ಯಾಸವಿದೆ. ಮುಂದಿನ ಕಂತುಗಳು ಸೊರಗುವುದು ಬಹುಮಟ್ಟಿಗೆ ಈ ಎರಡನೆಯ ದಾರಿ ಹಿಡಿದಾಗಲೇ.

ಎಲ್ಲಕ್ಕಿಂತ ದೊಡ್ಡ ಜಗಳ ಆ್ಯಶ್‌ಫರ್‌ನದ್ದು. ಈ ಬೂದುಬಣ್ಣದ ಯೋಧ ಸ್ಕ್ವಿರಲ್‌ಫ್ಲೈಟ್‌ಳನ್ನು ಪ್ರೀತಿಸುತ್ತಾನೆ, ಅವಳು ಬ್ರ್ಯಾಂಬಲ್‌ಕ್ಲಾನನ್ನು ಆರಿಸಿಕೊಳ್ಳುತ್ತಾಳೆ. 2008ರ ‘ಲಾಂಗ್ ಶ್ಯಾಡೋಸ್’ನಲ್ಲಿ ಕಾಡಿಗೆ ಬೆಂಕಿ ಬಿದ್ದಾಗ ಅವಳ ಮೂರು ಮಕ್ಕಳು ಪಾರಾಗಬೇಕಾದ ದಾರಿಯನ್ನು ಆ್ಯಶ್‌ಫರ್ ಅಡ್ಡಗಟ್ಟಿ ನಿಲ್ಲುತ್ತಾನೆ. ತನಗಾದ ನೋವು ಅವಳಿಗೂ ಆಗಲಿ ಎನ್ನುವುದು ಅವನ ಉದ್ದೇಶ. ಅವರನ್ನು ಉಳಿಸಲು ಅವಳು ವರ್ಷಗಳಿಂದ ಮುಚ್ಚಿಟ್ಟ ಗುಟ್ಟನ್ನು ಬಿಚ್ಚುತ್ತಾಳೆ: ಇವರು ನಾನು ಹೆತ್ತವರಲ್ಲ. ಇಡೀ ಸರಣಿಯಲ್ಲಿ ಇದಕ್ಕಿಂತ ಬಿಗಿಯಾದ ದೃಶ್ಯ ಇನ್ನೊಂದಿಲ್ಲ. ನಾಲ್ಕೇ ಬೆಕ್ಕುಗಳ ಎದುರು, ಒಂದು ಉರಿಯುವ ಕೊಂಬೆಯ ಸುತ್ತ, ಹಲವು ಪುಸ್ತಕ ಕೂಡಿಟ್ಟದ್ದೆಲ್ಲ ಒಟ್ಟಿಗೆ ಸುರಿಯುತ್ತದೆ. ಮರುಪುಸ್ತಕ ‘ಸನ್‌ರೈಸ್’ನಲ್ಲಿ ಆ್ಯಶ್‌ಫರ್‌ನನ್ನು ಕೊಂದವಳು ಆ ಮೂವರಲ್ಲಿ ಒಬ್ಬಳಾದ ಹಾಲಿಲೀಫ್ ಎಂದು ತಿಳಿಯುತ್ತದೆ. ಎಲ್ಲರಿಗಿಂತ ಸಂಹಿತೆಯನ್ನು ಪ್ರೀತಿಸಿದವಳೇ ಸಂಹಿತೆ ಮುರಿದು ಕೊಲ್ಲುತ್ತಾಳೆ. ಹೆತ್ತ ತಾಯಿ ಮದ್ದಿನ ಬೆಕ್ಕು ಲೀಫ್‌ಪೂಲ್ ಎಂಬ ಸತ್ಯವನ್ನು ತುಂಬಿದ ಸಭೆಯಲ್ಲಿ ಕೂಗಿ ಹೇಳುತ್ತಾಳೆ.

ಜಗಳ ಹುಟ್ಟಿದ್ದು ಇದರ ನಂತರ. ಸತ್ತ ಆ್ಯಶ್‌ಫರ್‌ನನ್ನು ಲೇಖಕರು ದುಷ್ಟರ ಕತ್ತಲ ಕಾಡಿಗೆ ಕಳಿಸಲಿಲ್ಲ, ಸ್ಟಾರ್‌ಕ್ಲ್ಯಾನಿನಲ್ಲಿ ಕೂರಿಸಿದರು. ಪ್ರೀತಿ ಕೈತಪ್ಪಿದ ನೋವಿನಲ್ಲಿ ತಪ್ಪು ಮಾಡಿದ ಎಂದು ಕೆಲವರು ಅವನ ಪರ ನಿಂತರು. ಮಕ್ಕಳನ್ನು ಸುಡಲು ಹೊರಟವನಿಗೆ, ನಾಯಕನನ್ನು ನರಿಬೋನಿಗೆ ಸಿಕ್ಕಿಸಲು ಕೈಜೋಡಿಸಿದವನಿಗೆ ಸ್ವರ್ಗವೇ ಎಂದು ಉಳಿದವರು ಕೇಳಿದರು. ಒಲ್ಲೆ ಎಂದ ಹೆಣ್ಣನ್ನು ಬೆನ್ನಟ್ಟುವುದನ್ನು ಪ್ರೀತಿ ಎಂದು ಹತ್ತು ವರ್ಷದ ಮಕ್ಕಳಿಗೆ ಹೇಳಿಕೊಡಬಾರದು ಎಂಬ ಅವರ ವಾದ ನ್ಯಾಯವಾದದ್ದು. ಹತ್ತು ವರ್ಷದ ಮೇಲೆ, 2019ರಿಂದ 2021ರವರೆಗೆ ಬಂದ ಏಳನೆಯ ಕಂತು ‘ದ ಬ್ರೋಕನ್ ಕೋಡ್’ ಇದಕ್ಕೆ ಉತ್ತರ ಕೊಟ್ಟಂತಿದೆ. ನಾಯಕ ಬ್ರ್ಯಾಂಬಲ್‌ಸ್ಟಾರ್ ಒಂದು ಜೀವ ಕಳೆದುಕೊಂಡ ಹೊತ್ತಿನಲ್ಲಿ ಅವನ ದೇಹವನ್ನು ಬೇರೊಂದು ಆತ್ಮ ಕದಿಯುತ್ತದೆ, ಆ ಆತ್ಮ ಆ್ಯಶ್‌ಫರ್. ಸಂಹಿತೆಯ ಹೆಸರು ಹೇಳಿಕೊಂಡೇ ಅವನು ಕ್ಲ್ಯಾನ್‌ಗಳನ್ನು ಒಡೆಯುತ್ತಾನೆ. ಓದುಗರ ಪ್ರಶ್ನೆಯನ್ನು ಕಥೆಯೇ ಗಂಭೀರವಾಗಿ ಎತ್ತಿಕೊಂಡದ್ದು ಈ ಕಂತಿನ ಹೆಗ್ಗಳಿಕೆ, ನಾಲ್ಕನೆಯದರ ನಂತರ ಬಿಟ್ಟವರು ಮರಳಿ ಬರಲು ಇದೇ ಸರಿಯಾದ ಬಾಗಿಲು. ಅವನನ್ನು ಎಳೆದುಕೊಂಡು ಕತ್ತಲ ನೀರಿಗೆ ಬೀಳುವ ಬ್ರಿಸಲ್‌ಫ್ರಾಸ್ಟ್‌ಳ ಸಾವನ್ನು ಮಾತ್ರ ಬಹಳ ಓದುಗರು ಇನ್ನೂ ಕ್ಷಮಿಸಿಲ್ಲ. ಅವಳು ಸ್ಟಾರ್‌ಕ್ಲ್ಯಾನಿಗೂ ಹೋಗುವುದಿಲ್ಲ, ಇಲ್ಲವಾಗುತ್ತಾಳೆ.

ದೋಷಗಳಲ್ಲಿ ಮೊದಲನೆಯದು ವಿವರಗಳ ಎಡವಟ್ಟು, ಅದಕ್ಕೆ ಕಾರಣ ಪುಸ್ತಕ ತಯಾರಾಗುವ ಬಗೆ. ಎರಿನ್ ಹಂಟರ್ ಒಬ್ಬ ವ್ಯಕ್ತಿಯಲ್ಲ. ವಿಕ್ಟೋರಿಯಾ ಹೋಮ್ಸ್ ಕಥೆಯ ಹಂದರ ಹೆಣೆದು ಸಂಪಾದಿಸಿದರು. ಕೇಟ್ ಕ್ಯಾರಿ ಮೊದಲ ಎರಡು ಪುಸ್ತಕ ಬರೆದರು, ಮೂರನೆಯದರಿಂದ ಚೆರಿತ್ ಬಾಲ್ಡ್ರಿ ಸೇರಿದರು, ಆಮೇಲೆ ಇನ್ನೂ ಹಲವರು. ಹಲವು ಕೈ ಒಂದೇ ಲೋಕವನ್ನು ಬರೆದಾಗ ಹಿನ್ನೆಲೆಯಲ್ಲಿ ಓಡಾಡುವ ಬೆಕ್ಕುಗಳ ಕಣ್ಣಿನ ಬಣ್ಣ, ತುಪ್ಪಳ, ಕೊನೆಗೆ ಲಿಂಗವೂ ಪುಸ್ತಕದಿಂದ ಪುಸ್ತಕಕ್ಕೆ ಬದಲಾಗುತ್ತದೆ. ಶ್ಯಾಡೋಕ್ಲ್ಯಾನಿನ ರೋವನ್‌ಕ್ಲಾ ಮೊದಮೊದಲು ಹೆಣ್ಣು, ಆಮೇಲೆ ಗಂಡು. ಮುಂದೆ ನಾಯಕನೂ ಆದ. ಅಭಿಮಾನಿಗಳು ಇಂಥವನ್ನೆಲ್ಲ ಪುಟಸಂಖ್ಯೆ ಸಮೇತ ಪಟ್ಟಿ ಮಾಡಿಟ್ಟಿದ್ದಾರೆ.

ತಳಿಶಾಸ್ತ್ರ ಬಲ್ಲ ಓದುಗರ ಆಕ್ಷೇಪ ಇನ್ನೂ ಸೂಕ್ಷ್ಮ. ಬೆಕ್ಕಿನ ಕೆಂಚು ಬಣ್ಣದ ಜೀನ್ ಎಕ್ಸ್ ವರ್ಣತಂತುವಿನಲ್ಲಿದೆ. ಅಪ್ಪನೂ ಅಮ್ಮನೂ ಕೆಂಚಾದರೆ ಮರಿಗಳೆಲ್ಲ ಕೆಂಚೇ ಆಗಬೇಕು. ಫೈರ್‌ಸ್ಟಾರ್ ಬೆಂಕಿಯ ಬಣ್ಣದವನು, ಅವನ ಸಂಗಾತಿ ಸ್ಯಾಂಡ್‌ಸ್ಟಾರ್ಮ್ ತಿಳಿಗೆಂಚು. ಮಗಳು ಸ್ಕ್ವಿರಲ್‌ಫ್ಲೈಟ್ ಕೆಂಚು, ಅದು ಸರಿ. ಇನ್ನೊಬ್ಬ ಮಗಳು ಲೀಫ್‌ಪೂಲ್ ಕಂದು ಪಟ್ಟೆಯವಳು, ಇದು ನಿಜ ಬೆಕ್ಕುಗಳಲ್ಲಿ ಆಗುವಂಥದ್ದಲ್ಲ. ಹಾಗೆಯೇ ಮೊದಲ ಪುಸ್ತಕದ ರೆಡ್‌ಟೇಲ್ ಕಪ್ಪು-ಕೆಂಚು ಬೆರೆತ ಗಂಡುಬೆಕ್ಕು. ಈ ಬೆರಕೆ ಬಣ್ಣಕ್ಕೆ ಎರಡು ಎಕ್ಸ್ ಬೇಕು. ಗಂಡಿನಲ್ಲಿ ಬಲು ಅಪರೂಪ, ಬಂದರೂ ಸಾಮಾನ್ಯವಾಗಿ ಸಂತಾನವಾಗುವುದಿಲ್ಲ. ಆದರೆ ಲೇಖಕರು ಅವನನ್ನು ಸ್ಯಾಂಡ್‌ಸ್ಟಾರ್ಮ್‌ಳ ತಂದೆ ಎಂದಿದ್ದಾರೆ. ಸರಣಿ ಸರಿಯಾಗಿ ಹಿಡಿದದ್ದೂ ಇದೆ: ‘ಎ ಡೇಂಜರಸ್ ಪಾತ್’ನ ಸ್ನೋಕಿಟ್ ಬಿಳಿ ತುಪ್ಪಳ, ನೀಲಿ ಕಣ್ಣಿನ ಮರಿ, ಹುಟ್ಟು ಕಿವುಡು. ಅಂಥ ಬೆಕ್ಕುಗಳಲ್ಲಿ ಕಿವುಡು ನಿಜಕ್ಕೂ ಹೆಚ್ಚು. ಗಿಡುಗ ಎರಗಿದಾಗ ಕೂಗಿದ್ದು ಕೇಳಿಸದೆ ಆ ಮರಿ ಸಾಯುತ್ತದೆ. ಈ ದೃಶ್ಯ ಓದುವಾಗ ಗಂಟಲು ಕಟ್ಟುತ್ತದೆ, ಆದರೆ ಅಂಗವೈಕಲ್ಯವಿರುವ ಬೆಕ್ಕುಗಳಿಗೆ ಕಥೆ ಕೊಡುವ ಜಾಗ ಇಷ್ಟೆಯೇ ಎಂದು ಓದುಗರು ಕೇಳುತ್ತ ಬಂದಿದ್ದಾರೆ. ಮೂರನೆಯ ಕಂತಿನ ಕುರುಡ ಮದ್ದಿನ ಬೆಕ್ಕು ಜೇಫೆದರ್ ಇದಕ್ಕೆ ದೊಡ್ಡ ಅಪವಾದ. ಮೂಗು, ಕಿವಿ, ಮುಂಗೋಪ ಇವುಗಳಿಂದಲೇ ಕಟ್ಟಿದ ಪಾತ್ರ, ಸರಣಿಯ ಅತ್ಯುತ್ತಮ ಮೂರ್ನಾಲ್ಕರಲ್ಲಿ ಒಂದು.

ಬೆಟ್ಟದ ಬುಡಕಟ್ಟಿನ ಬೆಕ್ಕುಗಳ ಚಿತ್ರಣ ಇನ್ನೂ ಆಳವಾದ ತಕರಾರು. 2005ರ ‘ಮೂನ್‌ರೈಸ್’ನಲ್ಲಿ ಅವು ಮೊದಲು ಬರುತ್ತವೆ, ‘ಔಟ್‌ಕಾಸ್ಟ್’ನಲ್ಲಿ ಕ್ಲ್ಯಾನ್ ಬೆಕ್ಕುಗಳು ಅಲ್ಲಿಗೆ ಹೋಗಿ ಗಡಿ ಹಾಕುವುದನ್ನೂ ಕಾಯುವುದನ್ನೂ ಕಲಿಸುತ್ತವೆ. ಅಮೆರಿಕದ ಮೂಲನಿವಾಸಿಗಳ ಬಗೆಗಿನ ಹಳಸಲು ಕಲ್ಪನೆಗಳನ್ನು ಬೆಕ್ಕಿನ ಮೈಗೆ ಹೊದಿಸಿದ್ದಾರೆ, ಬುಡಕಟ್ಟಿಗೆ ಸ್ವಂತ ಬುದ್ಧಿಯೇ ಇಲ್ಲವೆಂಬಂತೆ ಬರೆದಿದ್ದಾರೆ ಎಂಬ ಟೀಕೆ ಒಪ್ಪತಕ್ಕದ್ದು. ದೊಡ್ಡವರು ಮಕ್ಕಳ ಜೊತೆ ಕೂತು ಮಾತಾಡಿಸಿ ಓದಿಸಬೇಕಾದ ಭಾಗ ಇದು.

ವಯಸ್ಸಿನ ಮಾತು. ಪ್ರಕಾಶಕರಾದ ಹಾರ್ಪರ್‌ಕಾಲಿನ್ಸ್ ಇದನ್ನು 8ರಿಂದ 12ರ ಮಕ್ಕಳಿಗೆಂದು ಮಾರುತ್ತಾರೆ. ಬೆಕ್ಕಿನ ಮುದ್ದು ಮುಖ ನೋಡಿ ಏಳು ವರ್ಷದವರ ಕೈಗೆ ಕೊಡಬೇಡಿ. ನಾಯಿಗಳ ಹಿಂಡು ಒಬ್ಬ ಶಿಷ್ಯನನ್ನು ಕೊಂದು ಇನ್ನೊಬ್ಬಳ ಮುಖದ ಒಂದು ಮಗ್ಗುಲನ್ನು ಹರಿದುಹಾಕುತ್ತದೆ, ಮತಿ ಕದಡಿದ ನಾಯಕಿ ಅವಳಿಗೆ ‘ಲಾಸ್ಟ್‌ಫೇಸ್’ ಎಂದು ಹೆಸರಿಡುತ್ತಾಳೆ. ಆ ಹೆಸರನ್ನು ಫೈರ್‌ಸ್ಟಾರ್ ಮುಂದೆ ಬ್ರೈಟ್‌ಹಾರ್ಟ್ ಎಂದು ಬದಲಿಸುವ ಗಳಿಗೆ ಮೊದಲ ಕಂತಿನ ಅತಿ ಮಮತೆಯ ಜಾಗ. ಆರನೆಯ ಪುಸ್ತಕದಲ್ಲಿ ಸ್ಕರ್ಜ್ ಎಂಬ ಪುಟ್ಟ ಕಪ್ಪು ಬೆಕ್ಕು ಒಂದೇ ಏಟಿಗೆ ಖಳನಾಯಕ ಟೈಗರ್‌ಸ್ಟಾರ್‌ನ ಒಂಬತ್ತೂ ಜೀವ ತೆಗೆಯುತ್ತದೆ. ಒಂದೊಂದು ಸಾವನ್ನೂ ಅವನು ಅನುಭವಿಸುತ್ತಾನೆ. ಹತ್ತು ವರ್ಷ ತುಂಬಿದ, ಸಾವಿನ ಪ್ರಸಂಗ ಓದಿ ಅಭ್ಯಾಸವಿರುವ ಮಗುವಿಗೆ ಇದು ತಕ್ಕ ಪುಸ್ತಕ.

ಮನೆಯಲ್ಲಿ ಬೆಕ್ಕಿದ್ದರೆ ಇನ್ನೊಂದು ಎಚ್ಚರಿಕೆ ಕಡ್ಡಾಯ. ಪುಸ್ತಕದ ಮದ್ದುಗಳನ್ನು ಮಕ್ಕಳು ಬರೆದಿಟ್ಟುಕೊಳ್ಳುತ್ತಾರೆ: ಇಲಿ ಕಚ್ಚಿದರೆ ಕಾಡುಬೆಳ್ಳುಳ್ಳಿ, ನೋವಿಗೆ ಗಸಗಸೆ, ಕೆಮ್ಮಿಗೆ ಕ್ಯಾಟ್‌ಮಿಂಟ್, ರಕ್ತಕ್ಕೆ ಜೇಡರಬಲೆ. ಬೆಳ್ಳುಳ್ಳಿ ಮತ್ತು ಈರುಳ್ಳಿ ಬೆಕ್ಕಿನ ಕೆಂಪು ರಕ್ತಕಣಗಳನ್ನು ಒಡೆದು ರಕ್ತಹೀನತೆ ತರುತ್ತವೆ, ಗಸಗಸೆಯೂ ಬೆಕ್ಕಿಗೆ ಅಪಾಯ. ಯಾವುದನ್ನೂ ಪ್ರಯೋಗ ಮಾಡಲು ಬಿಡಬೇಡಿ. ಕ್ಯಾಟ್‌ಮಿಂಟ್‌ಗೆ ಬೆಕ್ಕು ಮರುಳಾಗುವುದು ನಿಜ, ಆದರೆ ಅದು ಕೆಮ್ಮಿನ ಮದ್ದಲ್ಲ. ನಮ್ಮ ಕಡೆ ಹಿತ್ತಲಲ್ಲಿ ತಾನೇ ಬೆಳೆಯುವ ಕುಪ್ಪಿಗಿಡದ ಬೇರಿಗೂ ಬೆಕ್ಕುಗಳು ಹೀಗೆಯೇ ಬಂದು ಹೊರಳಾಡುತ್ತವೆ. ಮಕ್ಕಳಿಗೆ ತೋರಿಸುವುದಾದರೆ ಅದನ್ನು ತೋರಿಸಬಹುದು.

ಭಾಷೆ ಕಷ್ಟವಿಲ್ಲ, ವಾಕ್ಯಗಳು ಚಿಕ್ಕವು. ಕನ್ನಡದ ಮಕ್ಕಳು ತಡವರಿಸುವುದು ಇಂಗ್ಲೆಂಡಿನ ಗಿಡ-ಪ್ರಾಣಿಗಳ ಹೆಸರಿಗೆ. ಬ್ರ್ಯಾಕನ್ ಎಂದರೆ ಎದೆಮಟ್ಟ ಬೆಳೆಯುವ ಜರಿಗಿಡ, ಗೋರ್ಸ್ ಹಳದಿ ಹೂವಿನ ಮುಳ್ಳುಪೊದೆ, ವೋಲ್ ಗಿಡ್ಡ ಬಾಲದ ಹೊಲದಿಲಿ. ಚಳಿಗಾಲದ ಹೆಸರು ‘ಲೀಫ್‌ಬೇರ್’, ಎಲೆ ಉದುರಿದ ಕಾಲ. ಆಗ ಹಿಮ ಬಿದ್ದು ಬೇಟೆ ಸಿಗದೆ ಹಸಿವು ಶುರುವಾಗುತ್ತದೆ ಎಂಬುದನ್ನು ಮೊದಲೇ ಹೇಳಿಕೊಡಿ. ಮಳೆಗಾಲದ ನಾಡಿನ ಮಗುವಿಗೆ ಅದು ತಾನಾಗಿ ತಿಳಿಯದು, ತಿಳಿಯದಿದ್ದರೆ ಒಂದು ಮೊಲಕ್ಕಾಗಿ ಯುದ್ಧವೇಕೆ ಎಂಬುದೂ ಅರ್ಥವಾಗದು.

ಓದುವ ಕ್ರಮ: ಕಂತುಗಳಿಗೆ ಪ್ರಕಟವಾದ ಕ್ರಮವೇ ಸರಿ. ಕ್ಲ್ಯಾನ್‌ಗಳ ಹುಟ್ಟನ್ನು ಹೇಳುವ ಐದನೆಯ ಕಂತು ‘ಡಾನ್ ಆಫ್ ದ ಕ್ಲ್ಯಾನ್ಸ್’ ಕಾಲದಲ್ಲಿ ಎಲ್ಲಕ್ಕಿಂತ ಹಿಂದಿನದು, ಹಾಗೆಂದು ಅದರಿಂದ ಶುರು ಮಾಡಬೇಡಿ. ಸಂಹಿತೆ ಹೇಗೆ ಹುಟ್ಟಿತು ಎಂಬ ಕುತೂಹಲ ಸಂಹಿತೆ ಗೊತ್ತಿದ್ದವರಿಗೆ ಮಾತ್ರ. ‘ಇನ್‌ಟು ದ ವೈಲ್ಡ್’ನಿಂದ ‘ದ ಡಾರ್ಕೆಸ್ಟ್ ಅವರ್’ವರೆಗೆ ಆರು, ಬಳಿಕ ‘ಬ್ಲೂಸ್ಟಾರ್ಸ್ ಪ್ರಾಫೆಸಿ’, ಆಮೇಲೆ ಎರಡನೆಯ ಕಂತು. ‘ಯೆಲ್ಲೋಫ್ಯಾಂಗ್ಸ್ ಸೀಕ್ರೆಟ್’ ಮೊದಲ ಕಂತು ಮುಗಿಸಿದವರು ಯಾವಾಗ ಬೇಕಾದರೂ ಓದಬಹುದು, ತಾಯ್ತನದ ದುಃಖವನ್ನು ಅಷ್ಟು ಗಟ್ಟಿಯಾಗಿ ಹೇಳಿದ ಪುಸ್ತಕ ಸರಣಿಯಲ್ಲಿ ಕಡಿಮೆ. ಸೂಪರ್ ಎಡಿಷನ್‌ಗಳು ಸುಮಾರು 500 ಪುಟದವು, ಮಾಮೂಲಿ ಪುಸ್ತಕ 300ರ ಆಸುಪಾಸು. ಬಿಡಿಬಿಡಿಯಾಗಿ ಕೊಳ್ಳುವ ಬದಲು ಆರರ ಪೆಟ್ಟಿಗೆ ತೆಗೆದುಕೊಳ್ಳಿ. ಬಿಡಿಯಾಗಿ ಕೊಂಡರೆ ವೇಯ್ನ್ ಮೆಕ್‌ಲಾಕ್ಲಿನ್ ಬರೆದ ಹಳೆಯ ಮುಖಪುಟ, 2015ರಿಂದ ಬಂದ ಓವನ್ ರಿಚರ್ಡ್‌ಸನ್ ಮುಖಪುಟ ಎರಡೂ ಬೆರೆತು ಬರುತ್ತವೆ. ಕಥೆಯಲ್ಲಿ ವ್ಯತ್ಯಾಸವಿಲ್ಲ, ಕಪಾಟಿನಲ್ಲಿ ಜೋಡಿಸುವ ಮಗುವಿಗೆ ಬೇಸರವಾಗುತ್ತದೆ. ಓದಲು ಹಿಂಜರಿಯುವವರಿಗೆ ಗ್ರೇಸ್ಟ್ರೈಪ್‌ನ ಮಾಂಗಾ ಮೂರೂ ಭಾಗ ಒಟ್ಟಿಗೆ ಸಿಗುವ ಬಣ್ಣದ ಆವೃತ್ತಿ ಇದೆ, ಆದರೆ ಅದು ಎರಡನೆಯ ಕಂತಿನ ಒಂದು ಘಟನೆಯ ಮೇಲೆ ನಿಂತದ್ದು. ಮೊದಲ ಪುಸ್ತಕವಾಗಿ ಕೊಡುವುದಾದರೆ 2024ರಲ್ಲಿ ಶುರುವಾದ ‘ದ ಪ್ರಾಫೆಸೀಸ್ ಬಿಗಿನ್’ ಚಿತ್ರಕಾದಂಬರಿ ವಾಸಿ.

ಪುಸ್ತಕದಾಚೆಗೆ ಅಭಿಮಾನಿಗಳು ಕಟ್ಟಿದ್ದನ್ನೂ ನೋಡಬೇಕು. 2016ರಲ್ಲಿ ಅಲಿಬಾಬಾ ಪಿಕ್ಚರ್ಸ್ ಚಲನಚಿತ್ರದ ಹಕ್ಕು ಕೊಂಡಿತು. ಅದನ್ನು ಕಾಯುತ್ತ ಕೂರದೆ ಓದುಗರೇ ಅನಿಮೇಷನ್ ಮಾಡಿದರು. ‘ಮ್ಯಾಪ್’ ಎಂದು ಕರೆಯುವ ಅವರ ಪದ್ಧತಿ ಹೀಗೆ: ಒಂದು ಹಾಡನ್ನು ಕೆಲವೇ ಸೆಕೆಂಡುಗಳ ತುಂಡುಗಳಾಗಿ ಕತ್ತರಿಸಿ, ಬೇರೆಬೇರೆ ಊರಿನ ಹತ್ತಾರು ಚಿತ್ರಕಾರರಿಗೆ ಹಂಚಿ, ಗಡುವು ಕೊಟ್ಟು, ಬಂದ ತುಂಡುಗಳನ್ನು ಒಬ್ಬರು ಹೊಲಿಯುತ್ತಾರೆ. ಮಧ್ಯದಲ್ಲಿ ಯಾರಾದರೂ ಕೈಬಿಟ್ಟರೆ ಆ ತುಂಡು ಖಾಲಿ ಉಳಿಯುತ್ತದೆ, ಅದಕ್ಕಾಗಿ ಮೊದಲೇ ಬದಲಿ ಚಿತ್ರಕಾರರ ಪಟ್ಟಿ ಇಟ್ಟಿರುತ್ತಾರೆ. ಅದ್ಭುತವಾದ ಕೆಲಸಗಳಿವೆ, ಆದರೆ ಬಹುಪಾಲು ಯಾರಾದರೊಬ್ಬರ ಸಾವಿನ ಮೇಲೆಯೇ ಇರುತ್ತವೆ, ಶೀರ್ಷಿಕೆಯಲ್ಲೇ ಹೆಸರು ಬಿದ್ದಿರುತ್ತದೆ. ಮೂರನೆಯ ಕಂತು ಮುಗಿಯುವವರೆಗೆ ಹುಡುಕಲು ಹೋಗದಿರುವುದು ಕ್ಷೇಮ. ‘ಕ್ಲ್ಯಾನ್‌ಜೆನ್’ ಎಂಬ ಉಚಿತ ಆಟವೂ ಅಭಿಮಾನಿಗಳದ್ದೇ. ಸ್ವಂತ ಕ್ಲ್ಯಾನ್ ಕಟ್ಟಿ, ಒಂದು ಗುಂಡಿ ಒತ್ತಿದರೆ ಒಂದು ತಿಂಗಳು ಸರಿಯುತ್ತದೆ. ಮರಿ ಹುಟ್ಟುತ್ತವೆ, ಕೆಮ್ಮು ಬಂದು ಸಾಯುತ್ತವೆ, ಗುಟ್ಟುಗಳು ಬೆಳೆಯುತ್ತವೆ. ಕಥೆ ಹೆಣೆಯುವ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಸಾಧನ ಸಿಗಲಿಕ್ಕಿಲ್ಲ. ರೋಬ್ಲಾಕ್ಸ್ ಎಂಬ ಆನ್‌ಲೈನ್ ಆಟಗಳ ತಾಣದಲ್ಲಿರುವ ‘ಅಲ್ಟಿಮೇಟ್ ಎಡಿಷನ್’ ಅಧಿಕೃತ ಆಟ. ಅಲ್ಲಿ ಅಪರಿಚಿತರು ಜೊತೆಗಿರುವುದರಿಂದ ಚಾಟ್ ಸೆಟ್ಟಿಂಗನ್ನು ದೊಡ್ಡವರು ಮೊದಲು ನೋಡಿ ಬಿಗಿ ಮಾಡಬೇಕು.

ಕೊನೆಗೆ, ಬಹಳ ಜನ ಕೊಳ್ಳುವಾಗ ಗಮನಿಸದ ಒಂದು ವಿಷಯ. ಪ್ರತಿ ಪುಸ್ತಕದ ಆರಂಭದಲ್ಲಿ ಕ್ಲ್ಯಾನ್‌ಗಳ ಬೆಕ್ಕುಗಳ ಪಟ್ಟಿ ಇರುತ್ತದೆ: ನಾಯಕ, ಉಪನಾಯಕ, ಮದ್ದಿನ ಬೆಕ್ಕು, ಯೋಧರು, ಶಿಷ್ಯರು, ಮರಿಗಳು, ಮುದುಕರು. ಓದುತ್ತಿರುವ ಪುಸ್ತಕದ ಪಟ್ಟಿಯನ್ನು ಪದೇಪದೇ ತಿರುಗಿಸಿ ನೋಡಬೇಕು, ಐವತ್ತು ಹೆಸರನ್ನು ನೆನಪಿಡಲು ಬೇರೆ ದಾರಿಯಿಲ್ಲ. ಮುಂದಿನ ಪುಸ್ತಕದ ಪಟ್ಟಿಯನ್ನು ಮಾತ್ರ ಮುಂಚೆ ತೆರೆಯಬಾರದು. ಯಾರ ಹೆಸರಿನ ಕೊನೆಗೆ ‘ಸ್ಟಾರ್’ ಸೇರಿದೆ, ಯಾರ ಹೆಸರು ಪಟ್ಟಿಯಲ್ಲೇ ಇಲ್ಲ ಎಂದು ಒಂದು ನೋಟಕ್ಕೆ ತಿಳಿದುಬಿಡುತ್ತದೆ. ಪೆಟ್ಟಿಗೆ ತಂದ ದಿನವೇ ಎರಡರಿಂದ ಆರರವರೆಗಿನ ಪುಸ್ತಕಗಳ ಆ ಪುಟಗಳನ್ನು ಕ್ಲಿಪ್ ಹಾಕಿ ಮುಚ್ಚಿಡಿ, ಆ ಪುಸ್ತಕ ಶುರು ಮಾಡುವ ದಿನ ತೆಗೆಯಿರಿ.